ಐದು ತಿಂಗಳ ಗಬ್ಬ ಅಂತ ತಂದ ಹಸು ಬೆದೆಗೆ ಬಂದಾಗ ನಾನು ಮಾಡಿದ್ದು

2023ರ ಮಾರ್ಚ್ 3, ಶುಕ್ರವಾರ. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಹಸು ಒಂದೇ ಸಮನೆ ಕೂಗುತ್ತಿತ್ತು. ಟಾರ್ಚ್ ಹಿಡಿದು ಹೋದೆ. ಕೂಗುತ್ತಿದ್ದದ್ದು ಹೊಸ ಹಸು ಗೌರಿ. ರಾತ್ರಿ ಹಾಕಿದ ಮೇವು ಹಾಗೇ ಇತ್ತು. ಬಾಲದ ಬುಡದಿಂದ ತಿಳಿಯಾದ ಲೋಳೆ ಇಳಿಯುತ್ತಿತ್ತು. ಪಕ್ಕದ ಹಸುವಿನ ಮೇಲೆ ಹತ್ತಲು ಹಗ್ಗ ಜಗ್ಗುತ್ತಿತ್ತು. ಇವೆಲ್ಲ ಬೆದೆಯ, ಅಂದರೆ ಹಸು ಗಬ್ಬ ಕಟ್ಟಲು ಸಿದ್ಧವಾದ ಲಕ್ಷಣ. ನನ್ನ ಎದೆ ಧಸಕ್ಕೆಂದಿತು. ಐದು ತಿಂಗಳ ಗಬ್ಬ ಅಂತ 78,000 ರೂಪಾಯಿ ಕೊಟ್ಟು ಆ ಹಸುವನ್ನು ತಂದು ಹತ್ತೊಂಬತ್ತು ದಿನವಾಗಿತ್ತು.

ನಮ್ಮದು ಪಾಂಡವಪುರ ತಾಲ್ಲೂಕಿನ ಸಣ್ಣ ಊರು. ನಾಲ್ಕು ಸೀಮೆಹಸು ಇವೆ. ಡೇರಿ ಹಾಲಿನ ದುಡ್ಡಿನಲ್ಲೇ ಮನೆ ನಡೆಯುತ್ತದೆ. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಎರಡು ಹಸು ಬತ್ತುವುದರಲ್ಲಿದ್ದವು. ಜೂನ್‌ನಲ್ಲಿ ಕರು ಹಾಕುವ ಹಸು ಒಂದಿದ್ದರೆ ಹಾಲು ನಿಲ್ಲುವುದಿಲ್ಲ ಅಂತ ಲೆಕ್ಕ ಹಾಕಿ ಗೌರಿಯನ್ನು ತಂದಿದ್ದೆ. ಪಕ್ಕದ ಜಿಲ್ಲೆಯ ಒಬ್ಬ ವ್ಯಾಪಾರಿಯ ಶೆಡ್ಡಿನಿಂದ, ದಲ್ಲಾಳಿಯ ಮೂಲಕ. ಆರು ಹಲ್ಲಿನ ಪ್ರಾಯ, ಒಂದು ಸೂಲು ಮುಗಿದಿದೆ, ಅಂದರೆ ಒಮ್ಮೆ ಕರು ಹಾಕಿದೆ, ಎರಡನೆಯದಕ್ಕೆ ಐದು ತಿಂಗಳು ತುಂಬಿದೆ ಅಂದಿದ್ದರು. ಹೊಟ್ಟೆ ದುಂಡಗಿತ್ತು, ಮೈ ಹೊಳೆಯುತ್ತಿತ್ತು. ನಂಬಿದೆ. ಹಸು ಹಾಲು ಬಿಟ್ಟು ಮೂರು ತಿಂಗಳು ಸುಮ್ನೆ ಮೇದರೆ ಹೊಟ್ಟೆ ಯಾರಿಗಾದರೂ ದುಂಡಗಾಗುತ್ತದೆ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ.

ಆ ಬೆಳಿಗ್ಗೆ ನಮ್ಮ ಯಜಮಾನರು ಮೊದಲು ಹೇಳಿದ್ದು, "ಬೆದೆ ತಪ್ಪಿಸೋದು ಬೇಡ, ಈಗಲೇ ಇಂಜೆಕ್ಷನ್ ಹಾಕಿಸಿಬಿಡೋಣ" ಅಂತ. ಇಂಜೆಕ್ಷನ್ ಅಂದರೆ ಕೃತಕ ಗರ್ಭಧಾರಣೆ. ಹಾಲಿನವರ ಮನೆಯಲ್ಲಿ ಯಾರಿಗೂ ಹಾಗೇ ಅನ್ನಿಸುತ್ತದೆ. ಒಂದು ಬೆದೆ ಹೋದರೆ ಮತ್ತೆ 21 ದಿನ ಕಾಯಬೇಕು ಅಲ್ವಾ? ಆದರೂ ನಾನು ಬೇಡ ಅಂದೆ. ಗಬ್ಬದ ಹಸುವೂ ಒಮ್ಮೊಮ್ಮೆ ಬೆದೆಯ ಲಕ್ಷಣ ತೋರುತ್ತದೆ. ನಮ್ಮತ್ತೆಯ ಹಸು ಒಂದು ಹಾಗೆ ಮಾಡಿತ್ತು. ಹೊಟ್ಟೆಯಲ್ಲಿ ಕರು ಇರುವಾಗ ಇಂಜೆಕ್ಷನ್ ಹಾಕಿಸಿದರೆ ಹಸು ಕಂದು ಹಾಕಬಹುದು, ಅಂದರೆ ಗರ್ಭಪಾತ ಆಗಬಹುದು. ಮೊದಲು ಡಾಕ್ಟರು ನೋಡಲಿ ಅಂತ ಪಟ್ಟು ಹಿಡಿದೆ. ಈ ಇಡೀ ವಿಷಯದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಮುಂದೆ ಸಿಕ್ಕಿದ್ದೆಲ್ಲ ಅದರಿಂದಲೇ ಸಿಕ್ಕಿತು.

ಹತ್ತು ಗಂಟೆಗೆ ಪಶು ಡಾಕ್ಟರು ಬಂದರು. ಉದ್ದ ಕೈಚೀಲ ಹಾಕಿಕೊಂಡು ಕೈ ಹಾಕಿ ನೋಡಿದರು. ಎರಡು ನಿಮಿಷ ಮಾತಿಲ್ಲ. ಆಮೇಲೆ "ಖಾಲಿ ಇದೆಯಮ್ಮಾ" ಅಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಲಾರಿಯಲ್ಲಿ ಬರುವಾಗ ಕಂದು ಹಾಕಿರಬಹುದಾ ಡಾಕ್ಟ್ರೇ?" ಅವರ ಉತ್ತರ ನನಗೆ ಇವತ್ತಿಗೂ ನೆನಪಿದೆ. ಐದು ತಿಂಗಳ ಗಬ್ಬವಾದರೆ ಗರ್ಭಕೋಶ ಕರುವಿನ ಭಾರಕ್ಕೆ ಹೊಟ್ಟೆಯೊಳಕ್ಕೆ ಇಳಿದಿರುತ್ತದೆ. ಒಳಗೆ ಗುಂಡಿಗಳಂಥ ಗಂಟುಗಳು ಕೈಗೆ ಸಿಗುತ್ತವೆ. ಗರ್ಭಕೋಶಕ್ಕೆ ಹೋಗುವ ರಕ್ತನಾಳ ದಪ್ಪವಾಗಿ ಬೆರಳಡಿಯಲ್ಲಿ ಝುಂ ಅನ್ನುತ್ತದೆ. ಅಷ್ಟು ಬೆಳೆದ ಕರು ಎರಡು ವಾರದ ಹಿಂದೆ ಬಿದ್ದಿದ್ದರೆ ಕೊಟ್ಟಿಗೆಯಲ್ಲಿ ಅದು ಕಾಣದೆ ಇರುವುದಿಲ್ಲ, ಮಾಸು ಬೀಳಬೇಕು, ಕೆಟ್ಟ ವಾಸನೆಯ ಸ್ರಾವ ಇರಬೇಕು, ಗರ್ಭಕೋಶವೂ ಇನ್ನೂ ದೊಡ್ಡದಾಗೇ ಸಿಗಬೇಕು. ಇಲ್ಲಿ ಹಾಗೇನೂ ಇರಲಿಲ್ಲ. ಗರ್ಭಕೋಶ ಚಿಕ್ಕದಾಗಿ, ಗಟ್ಟಿಯಾಗಿ, ಬೆದೆಯ ಹಸುವಿಗೆ ಹೇಗಿರಬೇಕೋ ಹಾಗೇ ಇತ್ತು. ಅಂಡಾಶಯವೂ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಇದನ್ನೆಲ್ಲ ಬರೆದು ಕೊಡಿ ಅಂತ ಕೇಳಿದೆ. ಆಸ್ಪತ್ರೆ ಚೀಟಿಯ ಮೇಲೆ ತಾರೀಖು, ಹಸುವಿನ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ, ಹಸುವಿನ ಬಣ್ಣ, ಪರೀಕ್ಷೆಯಲ್ಲಿ ಕಂಡದ್ದು, ಇತ್ತೀಚೆಗೆ ಕಂದು ಹಾಕಿದ ಗುರುತು ಇಲ್ಲ ಅನ್ನುವುದು, ಎಲ್ಲವನ್ನೂ ಬರೆದು ಸಹಿ, ಸೀಲು ಹಾಕಿದರು. ಕಿವಿಯೋಲೆ ನಂಬರು ಹಾಕಿ ಇಲಾಖೆಯ ದಾಖಲೆಯನ್ನೂ ನೋಡಿದರು. ಅದರಲ್ಲಿ ಕೊನೆಯ ಇಂಜೆಕ್ಷನ್ ಇದ್ದದ್ದು ಹಿಂದಿನ ಕರುವಿನದು. ಅದೊಂದೇ ಪೂರ್ತಿ ಸಾಕ್ಷಿಯಾಗುವುದಿಲ್ಲ. ಹೋರಿ ಬಿಡಿಸಿದ್ದರೆ, ಖಾಸಗಿಯವರಿಂದ ಹಾಕಿಸಿದ್ದರೆ ದಾಖಲೆಗೆ ಬಂದಿರುವುದಿಲ್ಲ. ಆದರೂ ಕೈ ಪರೀಕ್ಷೆಯ ಜೊತೆಗೆ ಅದಕ್ಕೂ ಬೆಲೆ ಇತ್ತು.

ದಲ್ಲಾಳಿಗೆ ಫೋನ್ ಮಾಡಿದೆ. "ಅಕ್ಕಾ, ಲಾರಿ ಹತ್ತಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ. ದಾರಿಯಲ್ಲಿ ಕಂದು ಹಾಕಿರುತ್ತೆ" ಅಂದ. ಇದೇ ಮಾತು ಬರುತ್ತದೆ ಅಂತ ಗೊತ್ತಿತ್ತು. ಚೀಟಿಯ ಫೋಟೋ ಕಳಿಸಿದೆ. ಆಮೇಲೆ ಎರಡು ದಿನ ಅವನು ಫೋನ್ ಎತ್ತಲಿಲ್ಲ.

ಊರಿನಲ್ಲಿ ತಲೆಗೊಂದು ಸಲಹೆ. ಒಬ್ಬರು ಪೊಲೀಸ್ ಸ್ಟೇಷನ್‌ಗೆ ಹೋಗು ಅಂದರು. ಇನ್ನೊಬ್ಬರು, "ನಿನಗೆ ಹೇಗೆ ಮಾರಿದರೋ ನೀನೂ ಹಾಗೇ ಗಬ್ಬ ಅಂತ ಇನ್ನೊಂದು ಸಂತೆಯಲ್ಲಿ ಮಾರಿಬಿಡು" ಅಂದರು. ಆ ಮಾತು ಕೇಳಿ ನನಗೆ ಬಹಳ ನೋವಾಯಿತು. ನನ್ನ ಹಾಗೇ ಲೆಕ್ಕ ಹಾಕಿಕೊಂಡು ಬರುವ ಇನ್ನೊಬ್ಬಳ ತಲೆಗೆ ಇದನ್ನು ಕಟ್ಟುವುದಾ? ಅದು ನನ್ನಿಂದ ಆಗದ ಕೆಲಸ. ಖಾಲಿ ಹಸು ಅಂತ ನಿಜ ಹೇಳಿ ಮಾರಿದರೆ 45,000 ಸಿಕ್ಕರೆ ಹೆಚ್ಚು. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಗೊಡ್ಡು ಹಸುವನ್ನು ಕೊಳ್ಳುವವರು ಇನ್ನೂ ಕಡಿಮೆ.

ಮೂರನೇ ದಿನ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಹಾಯ ಉಚಿತ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಹಾಗಿದೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇಲ್ಲ. ದಯವಿಟ್ಟು ಗೊತ್ತು ಮಾಡಿಕೊಳ್ಳಿ.

ವಕೀಲರಮ್ಮ ಕೇಳಿದ ಮೊದಲ ಪ್ರಶ್ನೆ, "ಇಂಜೆಕ್ಷನ್ ಹಾಕಿಸಿಬಿಟ್ರಾ?" ಇಲ್ಲ ಅಂದೆ. "ಒಳ್ಳೇದಾಯ್ತು" ಅಂದರು. ಕಾನೂನಿನ ಲೆಕ್ಕದಲ್ಲಿ ಹಸುವೂ ಒಂದು ಸರಕು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಹೇಳಿ ಮಾರಿದ್ದಕ್ಕೆ ಸರಕು ಹೊಂದಬೇಕು. ಹೊಂದದಿದ್ದರೆ ಬೇಡ ಅನ್ನುವ ಹಕ್ಕು ಕೊಂಡವರಿಗಿದೆ. ಆದರೆ ತಂದ ಮೇಲೆ ತುಂಬ ದಿನ ಸುಮ್ಮನಿದ್ದರೆ, ಇಲ್ಲವೇ ಇದು ನನ್ನದೇ ಅನ್ನುವ ಹಾಗೆ ಏನಾದರೂ ಮಾಡಿದರೆ, ಒಪ್ಪಿಕೊಂಡಂತೆ ಆಗುತ್ತದೆ. ಆಮೇಲೆ ಹಸು ವಾಪಸ್ ಕೊಡಲಾಗುವುದಿಲ್ಲ, ನಷ್ಟ ಮಾತ್ರ ಕೇಳಬಹುದು. ಇಂಜೆಕ್ಷನ್ ಹಾಕಿಸಿದರೆ ಎದುರಿನವರು ಅದನ್ನೇ ಹಿಡಿದು ವಾದಿಸುತ್ತಾರೆ ಅಂತ ಬಿಡಿಸಿ ಹೇಳಿದರು. ಇನ್ನೊಂದು ಮಾತು ನನಗೆ ಧೈರ್ಯ ಕೊಟ್ಟಿತು. ಬೇರೆ ಮಾತಾಗಿಲ್ಲದಿದ್ದರೆ, ನಾನೇ ಲಾರಿ ಮಾಡಿ ಹಸುವನ್ನು ವಾಪಸ್ ಬಿಟ್ಟು ಬರಬೇಕಾಗಿಲ್ಲ. ನನಗೆ ಬೇಡ ಅಂತ ಸರಿಯಾಗಿ ತಿಳಿಸಿದರೆ ಸಾಕು.

ಏನೇನು ಸಾಕ್ಷಿ ಇದೆ ಅಂತ ಕೇಳಿದರು. 60,000 ಫೋನ್‌ಪೇಯಲ್ಲಿ ಹೋಗಿತ್ತು. 18,000 ಕೈಯಲ್ಲಿ ಕೊಟ್ಟಿದ್ದೆ, ಅದಕ್ಕೆ ಚೀಟಿ ಇಲ್ಲ. ಆದರೆ ಕೊಳ್ಳುವ ಹಿಂದಿನ ದಿನ ನಾನು ವಾಟ್ಸ್‌ಆ್ಯಪ್‌ನಲ್ಲಿ "ಗಬ್ಬ ಗ್ಯಾರಂಟೀನಾ ಅಣ್ಣ? ಎಷ್ಟು ತಿಂಗಳು?" ಅಂತ ಕೇಳಿದ್ದೆ. "ಐದು ತುಂಬಿದೆ ಅಕ್ಕಾ, ನಾನಿದ್ದೀನಿ" ಅಂತ ದಲ್ಲಾಳಿಯ ಧ್ವನಿಯಲ್ಲೇ ಉತ್ತರ ಬಂದಿತ್ತು. ಅದನ್ನು ಕೇಳಿ ವಕೀಲರಮ್ಮ 1872ರ ಕರಾರು ಕಾಯ್ದೆಯ ಒಂದು ಉದಾಹರಣೆ ಹೇಳಿದರು. ಕುದುರೆಯ ಉದಾಹರಣೆ ಅದು. ಹರಾಜಿನಲ್ಲಿ ಮಾರುವವನು ಕುದುರೆಯ ದೋಷ ಗೊತ್ತಿದ್ದೂ ಸುಮ್ಮನಿದ್ದರೆ ಅದು ಮೋಸ ಅಲ್ಲ. ಆದರೆ ಕೊಳ್ಳುವವನು "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಅಂತ ತಿಳೀತೀನಿ" ಅಂದರೆ, ಆಗ ಅವನ ಮೌನವೂ ಮಾತಿಗೆ ಸಮ. ಕೇಳುವುದಕ್ಕೂ ಕೇಳದೆ ಇರುವುದಕ್ಕೂ ಅಷ್ಟು ವ್ಯತ್ಯಾಸ ಇದೆ. ನನಗೆ ಬಾಯಿ ಬಿಟ್ಟು ಉತ್ತರವೇ ಸಿಕ್ಕಿತ್ತು.

ಗ್ರಾಹಕ ಆಯೋಗದ ದಾರಿಯೂ ಇತ್ತು. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವರು ಕೊಂಡದ್ದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರದ ಖರೀದಿ ಅನ್ನಿಸಿಕೊಳ್ಳುವುದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗೆ ಶುಲ್ಕ ಇಲ್ಲ. ಮಾರಿದವನು ಶೆಡ್ಡಿಟ್ಟು ಹಸು ವ್ಯಾಪಾರ ಮಾಡುವವನಾದ್ದರಿಂದ ನನಗೆ ಅದು ಅನ್ವಯಿಸುತ್ತಿತ್ತು. ಪಕ್ಕದ ಮನೆಯವರು ತಮ್ಮ ಒಂದು ಹಸು ಮಾರಿದ್ದರೆ ಈ ದಾರಿ ಕಷ್ಟ. ಪೊಲೀಸ್ ದೂರಿಗೆ, ಮೊದಲಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಬೇಕು. ಅದನ್ನು ಕೈಬಿಟ್ಟೆ.

ಉಳಿದದ್ದು ಎರಡು. ಹಸು ವಾಪಸ್ ಕೊಟ್ಟು ಪೂರ್ತಿ ಹಣ ಕೇಳುವುದು, ಇಲ್ಲವೇ ಹಸು ಇಟ್ಟುಕೊಂಡು ವ್ಯತ್ಯಾಸದ ಹಣ ಕೇಳುವುದು. ಬದಲಿ ಹಸು ಕೊಡುತ್ತೀನಿ ಅಂತ ಆಮೇಲೆ ವ್ಯಾಪಾರಿಯೇ ಹೇಳಿ ಕಳಿಸಿದ. ಅದೇ ಶೆಡ್ಡಿನ ಇನ್ನೊಂದು ಹಸುವನ್ನು ನಂಬುವ ಮನಸ್ಸು ನನಗಿರಲಿಲ್ಲ.

ಎರಡು ರಾತ್ರಿ ಕೂತು ಲೆಕ್ಕ ಹಾಕಿದೆ. ವಾಪಸ್ ಕೊಟ್ಟರೆ ಲಾರಿ ಬಾಡಿಗೆ, ದಲ್ಲಾಳಿ ಕಮಿಷನ್ ಬರುವುದಿಲ್ಲ. ಮತ್ತೆ ಹುಡುಕಬೇಕು. ಇಟ್ಟುಕೊಂಡರೆ ಜೂನ್‌ನಲ್ಲಿ ಬರಬೇಕಾದ ಹಾಲು ವರ್ಷದ ಕೊನೆಗೆ ಹೋಗುತ್ತದೆ, ಯಾಕೆಂದರೆ ಇಂಜೆಕ್ಷನ್ ನಿಂತ, ಅಂದರೆ ಗಬ್ಬ ಕಟ್ಟಿದ ದಿನದಿಂದ ಕರು ಹಾಕಲು 280 ದಿನ ಬೇಕು. ನಮ್ಮಲ್ಲಿ ಬತ್ತಿದ ಹಸುವಿನ ಮೇವು, ಬೂಸಾ, ಹಿಂಡಿಗೆ ದಿನಕ್ಕೆ 150 ರೂಪಾಯಿ ಹತ್ತಿರ ಆಗುತ್ತಿತ್ತು. ಹೆಚ್ಚಿಗೆ ಸಾಕಬೇಕಾದ ಆರೇಳು ತಿಂಗಳಿಗೆ ಅದೇ 30,000 ಆಗುತ್ತದೆ. ಆದರೆ ಡಾಕ್ಟರು ಗರ್ಭಕೋಶ ಚೆನ್ನಾಗಿದೆ ಅಂದಿದ್ದರು. ಸಿಟ್ಟಿನಲ್ಲಿ ತೀರ್ಮಾನ ಮಾಡಿದ್ದರೆ ವಾಪಸ್ ಅಂತಲೇ ಅನ್ನುತ್ತಿದ್ದೆ. ಅಂಡಾಶಯದಲ್ಲಿ ದೋಷ ಇದ್ದಿದ್ದರೂ ಅದೇ ಸರಿ. ಇಲ್ಲಿ ಹಸುವಿನದೇನೂ ತಪ್ಪಿರಲಿಲ್ಲ.

ವ್ಯಾಪಾರಿಗೆ ಕಳಿಸಿದ ವಕೀಲರ ನೋಟಿಸ್‌ನಲ್ಲಿ ಎರಡನ್ನೂ ಬರೆಸಿದೆ. ಹಸು ತೆಗೆದುಕೊಂಡು 78,000 ಕೊಡಿ, ಇಲ್ಲವೇ 30,000 ಕೊಟ್ಟು ಇತ್ಯರ್ಥ ಮಾಡಿ, ಹದಿನೈದು ದಿನ ಸಮಯ. ನೋಟಿಸ್ ತಲುಪಿದ ನಾಲ್ಕನೇ ದಿನ ದಲ್ಲಾಳಿಯೇ ಮನೆಗೆ ಬಂದ. ನಮ್ಮ ಡೇರಿ ಕಾರ್ಯದರ್ಶಿಯ ಎದುರು ಕೂತು ಮಾತಾಡಿದೆವು. 24,000ಕ್ಕೆ ಒಪ್ಪಿದೆ. ಬಾಯಿಮಾತಿಗೆ ಬಿಡದೆ ಹಣ ಖಾತೆಗೆ ಬಂದ ಮೇಲೆ ಒಪ್ಪಂದ ಬರೆದು ಇಬ್ಬರೂ ಸಹಿ ಹಾಕಿದೆವು. ಕಡಿಮೆ ಆಯಿತು ಅಂತ ಯಜಮಾನರಿಗೆ ಇನ್ನೂ ಬೇಸರ ಇದೆ. ಕೋರ್ಟು ಅಲೆದು ಕಳೆಯುವ ದಿನಗಳಲ್ಲಿ ಹಸುವಿನ ಬೆದೆಗಳೂ ಕಳೆಯುತ್ತವೆ ಅನ್ನುವುದು ನನ್ನ ಲೆಕ್ಕ.

ಮಾರ್ಚ್ 24ಕ್ಕೆ ಗೌರಿ ಮತ್ತೆ ಬೆದೆಗೆ ಬಂತು. ಆ ಹೊತ್ತಿಗೆ ಇತ್ಯರ್ಥ ಮುಗಿದಿತ್ತು. ಇಂಜೆಕ್ಷನ್ ಹಾಕಿಸಿದೆ, ನಿಲ್ಲಲಿಲ್ಲ. ಜಂತುಹುಳುವಿನ ಔಷಧಿ ಕೊಟ್ಟು, ದಿನಾ ಖನಿಜ ಮಿಶ್ರಣ ಹಾಕಿದೆ. ಏಪ್ರಿಲ್ 14ರ ಎರಡನೇ ಇಂಜೆಕ್ಷನ್ ನಿಂತಿತು. ಎರಡು ತಿಂಗಳು ಕಳೆದ ಮೇಲೆ ಕೈ ಹಾಕಿಸಿ ನೋಡಿಸಿ ಗಟ್ಟಿ ಮಾಡಿಕೊಂಡೆ. 2024ರ ಜನವರಿ ಸಂಕ್ರಾಂತಿ ಮುಗಿದು ನಾಲ್ಕು ದಿನಕ್ಕೆ ಹೆಣ್ಣು ಕರು ಹಾಕಿತು.

ಈಗ ನಾನು ಹಸು ಕೊಳ್ಳುವ ಕ್ರಮವೇ ಬೇರೆ. ಮೊದಲ ಹೆಜ್ಜೆಯಲ್ಲೇ ಕಿವಿಯೋಲೆ ನಂಬರು, ಸೂಲು, ಇಂಜೆಕ್ಷನ್ ಹಾಕಿಸಿದ ತಾರೀಖು ಕೇಳಿ ವಾಟ್ಸ್‌ಆ್ಯಪ್‌ನಲ್ಲೇ ಉತ್ತರ ತೆಗೆದುಕೊಳ್ಳುತ್ತೇನೆ. ಒಂದು ಹಾಳೆಯಲ್ಲಿ ಅದನ್ನೆಲ್ಲ ಬರೆದು, ಗಬ್ಬ ಇಲ್ಲದಿದ್ದರೆ ಹಸು ವಾಪಸ್ ಅಂತ ಸೇರಿಸಿ ಸಹಿ ಹಾಕಿಸುತ್ತೇನೆ. ತಿಂಗಳ ಲೆಕ್ಕವನ್ನೂ ಬರೆಸುತ್ತೇನೆ. ಗಬ್ಬ ನಿಜವೇ ಆಗಿದ್ದು, ಐದು ಅಂದದ್ದು ಎರಡೂವರೆ ಆದರೂ ನಷ್ಟ ನಷ್ಟವೇ ಅಲ್ವಾ? ಹೊಸ ಹಸುವನ್ನು ಮೊದಲು ಬೇರೆ ಕಟ್ಟಿ, ಕಂದು ರೋಗದ (ಬ್ರುಸೆಲ್ಲೋಸಿಸ್) ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಉಳಿದವುಗಳ ಜೊತೆ ಬಿಡುತ್ತೇನೆ. ಆ ರೋಗ ಹಸುಗಳಿಂದ ಮನುಷ್ಯರಿಗೂ ಬರುತ್ತದೆ. ಬಿದ್ದ ಕಂದನ್ನು, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಕಳೆದ ವರ್ಷ ಒಂದು ಪಡ್ಡೆ ತಂದೆ, ಮೊದಲ ಗಬ್ಬ, ನಾಲ್ಕು ತಿಂಗಳು ಅಂದಿದ್ದರು. ಹದಿನೈದು ಸಾವಿರ ಉಳಿಸಿಕೊಂಡು, ನಮ್ಮ ಡಾಕ್ಟರು ನೋಡಿದ ಮೇಲೆ ಕೊಡುತ್ತೇನೆ ಅಂದೆ. ಮಾರಿದ ರೈತ ಸ್ವಲ್ಪ ಮುನಿಸಿಕೊಂಡರು. ಆಮೇಲೆ "ಆಗ್ಲಿ ಬಿಡಮ್ಮಾ, ನನ್ನ ಪಡ್ಡೆ ಮೇಲೆ ನನಗೆ ನಂಬಿಕೆ ಇದೆ" ಅಂದರು. ಐದನೇ ದಿನ ಡಾಕ್ಟರು ಕೈ ಹಾಕಿ ನೋಡಿ, ನಾಲ್ಕು ತಿಂಗಳು ಸರಿಯಾಗಿದೆ ಅಂದರು. ಅವತ್ತು ಸಂಜೆಯ ಹಾಲು ಹಿಂಡುವ ಮುಂಚೆಯೇ ಆ ರೈತರಿಗೆ ಉಳಿದ ಹಣ ಕಳಿಸಿ, ಫೋನ್ ಮಾಡಿ ಹೇಳಿದೆ.