ಭಯಕ್ಕೂ ಒಂದು ಹೊತ್ತು: ಕ್ಯಾನ್ಸರ್ ವಾಪಸ್ ಬಂದಾಗ ನಾನು ಮಾಡಿಕೊಂಡ ಏರ್ಪಾಡು

ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡುವ ಪೆಟ್ ಸ್ಕ್ಯಾನ್ ಕಳೆದ ಸಲ ಮಾಡಿಸಿದಾಗ, ಅದರ ಹಿಂದಿನ ರಾತ್ರಿ ನಾನು ಗಡದ್ದಾಗಿ ನಿದ್ದೆ ಮಾಡಿದೆ. ಕ್ಯಾನ್ಸರ್ ಎರಡನೇ ಸಲ ಬಂದವರಿಗೆ ಇಷ್ಟು ಹೇಳಿದರೆ ಸಾಕು. ಭಯಕ್ಕೆ, ಅಳುವುದಕ್ಕೆ ಅಂತಲೇ ದಿನಕ್ಕೆ ಅರ್ಧ ಗಂಟೆ ಎತ್ತಿಟ್ಟಿದ್ದೇನೆ, ಅದರ ಫಲ ಇದು. "ಅಳೋದಕ್ಕೂ ಟೈಂಟೇಬಲ್ಲಾ ಅತ್ತಿಗೆ?" ಅಂತ ನಕ್ಕಿದ್ದ ನಾದಿನಿ, ಮಗಳ ಪಿಯುಸಿ ರಿಸಲ್ಟ್ ಟೆನ್ಷನ್ನಿಗೆ ಈಗ ಅದನ್ನೇ ಮಾಡುತ್ತಿದ್ದಾಳೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ಬ್ರೆಸ್ಟ್ ಕ್ಯಾನ್ಸರ್, ಹಾರ್ಮೋನ್ ಪಾಸಿಟಿವ್, ಅಂದರೆ ಮೈಯ ಹಾರ್ಮೋನಿನಿಂದಲೇ ಬೆಳೆಯುವ ಥರದ್ದು. 2016ರಲ್ಲಿ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಐದು ವರ್ಷ ಮಾತ್ರೆ ನುಂಗಿದೆ. 2024ರಲ್ಲಿ ಸೊಂಟ ನೋವು ಶುರುವಾಯಿತು. ನೋಡಿದರೆ ಬೆನ್ನುಮೂಳೆಗೆ ಬಂದಿತ್ತು.

ಈ ಸಲದ ಭಯ ಬೇರೆ ಥರ. ಮೊದಲ ಸಲ ಕೀಮೋಗೆ ಕೊನೆ ಇತ್ತು, ಕ್ಯಾಲೆಂಡರಿನಲ್ಲಿ ಗೀಟು ಹಾಕಿಕೊಂಡು ಕಾದೆ. ಈಗ ಮಾತ್ರೆ ಕೆಲಸ ಮಾಡುವ ತನಕ ಅದೇ, ನಿಂತರೆ ಇನ್ನೊಂದು. "ಯಾವಾಗ ಮುಗಿಯುತ್ತೆ?" ಅಂತ ಕೇಳುವವರಿಗೆ ಏನು ಹೇಳೋದು? ಆಗ ಮೋಸಂಬಿ, ಎಳನೀರು ಹಿಡಿದು ಬಂದವರು ಈ ಸಲ ಗೇಟಿನಲ್ಲೇ ನಿಂತು ನಮ್ಮ ಯಜಮಾನರ ಹತ್ತಿರ ಮೆಲ್ಲಗೆ ಮಾತಾಡಿ ಹೋದರು. ನಿಜ ಹೇಳಬೇಕೆಂದರೆ ನನಗೆ ಭಯಕ್ಕಿಂತ ಸಿಟ್ಟೇ ಜಾಸ್ತಿ ಇತ್ತು. ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ, ಆದರೂ ಬಂತಲ್ಲ ಅಂತ. ನನ್ನ ಜೊತೆಗೇ ಟ್ರೀಟ್‌ಮೆಂಟ್ ಮುಗಿಸಿ ಆರಾಮಾಗಿ ಓಡಾಡುವವರನ್ನು ಕಂಡರೆ ಹೊಟ್ಟೆಕಿಚ್ಚು. ಮೈಮೇಲಿನ ನಂಬಿಕೆಯೂ ಹೋಗಿತ್ತು. ಕಾಲು ಜೋಮು ಹಿಡಿದರೆ ಕ್ಯಾನ್ಸರ್, ತಲೆ ಸಿಡಿದರೆ ಕ್ಯಾನ್ಸರ್, ಗ್ಯಾಸ್ ಆದರೂ ಕ್ಯಾನ್ಸರ್.

ಈ ಭಯ ಕಳೆಯೋದಕ್ಕೆ ಸುರಿದ ದುಡ್ಡು ಕೇಳಿ. ಒಂದು ವಾರದ ಧ್ಯಾನದ ಕ್ಯಾಂಪಿಗೆ ಹದಿನೈದು ಸಾವಿರದ ಮೇಲೆ. "ಪಾಸಿಟಿವ್ ಆಗಿರಿ, ಕಾಯಿಲೆ ಓಡಿಹೋಗುತ್ತೆ" ಅಂದರು. ಹಾಗಾದರೆ ನಾನು ಪಾಸಿಟಿವ್ ಆಗಿರಲಿಲ್ಲ ಅಂತ ಬಂತಾ? ಮೂರನೇ ದಿನವೇ ಬ್ಯಾಗ್ ಹೊತ್ತು ಮನೆಗೆ ಬಂದೆ, ದುಡ್ಡು ವಾಪಸ್ ಬರಲಿಲ್ಲ. ಲಕ್ಷ್ಮಣಫಲದ ಪುಡಿಗೆ ಒಂದು ಐದಾರು ಸಾವಿರ ಹೋಯಿತು, ಅದನ್ನು ಡಾಕ್ಟರೇ ನಿಲ್ಲಿಸಿದರು. ಒಬ್ಬ ಕೌನ್ಸೆಲರ್ ಹತ್ತಿರ ಸಲಕ್ಕೆ ಸಾವಿರದ ಚಿಲ್ಲರೆ ಕೊಟ್ಟು ಕೆಲವು ಸಲ ಹೋದೆ. ಒಳ್ಳೆಯವರೇ, ಆದರೆ ನನಗಿಂತ ಮೊದಲು ಅವರ ಕಣ್ಣಲ್ಲೇ ನೀರು. ಆಮೇಲೆ ರಾತ್ರಿ ಎದೆ ಹೊಡೆದುಕೊಂಡಾಗ 14416ಕ್ಕೆ ಫೋನ್ ಮಾಡಿದೆ, ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡಿದರು. ದುಡ್ಡು ಕೊಟ್ಟಿದ್ದಕ್ಕಿಂತ ಅದೇ ವಾಸಿ ಅನಿಸಿತು.

ಔಷಧಿ ಖರ್ಚು ಮಾತ್ರ ಈ ಸಲ ಕಮ್ಮಿ. ನಾನೀಗ ನುಂಗುವ ಮಾತ್ರೆ ಪಾಲ್ಬೋಸಿಕ್ಲಿಬ್. 2023ರಲ್ಲಿ ಅದರ ಪೇಟೆಂಟ್ ಮುಗಿದು ಜೆನೆರಿಕ್, ಅಂದರೆ ಬೇರೆ ಕಂಪನಿಗಳು ಮಾಡುವ ಅದೇ ಔಷಧಿ, ಬಂದ ಮೇಲೆ ನನಗೆ ತಿಂಗಳಿಗೆ ಐದು ಸಾವಿರದ ಆಸುಪಾಸು ಬೀಳುತ್ತಿದೆ. ಬೆಂಗಳೂರಿಗೆ ಹೋಗಲು ಶಕ್ತಿ ಯೋಜನೆಯ ಬಸ್ಸು ಇದೆ. ಮೊದಲ ಸಲ ನನ್ನ ಬಳೆ ಅಡ ಇಟ್ಟಿದ್ದರು, ಈ ಸಲ ಅವು ಕೈಯಲ್ಲೇ ಇವೆ. ಮನಸ್ಸಿಗೆ ಇದೂ ಒಂದು ಮದ್ದು, ಯಾರೂ ಹೇಳಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹಾಲಿನ ಲೆಕ್ಕ ಬರೆಯುವ ಉದ್ದ ಪುಸ್ತಕ ಒಂದು, ಸಾಯಂಕಾಲ ಆರೂವರೆಯಿಂದ ಅರ್ಧ ಗಂಟೆ, ತಾರಸಿ. ಇಷ್ಟೇ ಬಂಡವಾಳ. ಹಗಲಲ್ಲಿ ಏನು ಭಯ ಬಂದರೂ ಒಂದು ಸಾಲು ಬರೆದು ಪುಸ್ತಕ ಮುಚ್ಚುವುದು. ಯೋಚನೆ ಆರೂವರೆಗೆ. ಆ ಅರ್ಧ ಗಂಟೆಯಲ್ಲಿ ಅಳಬಹುದು, ಬಯ್ಯಬಹುದು, ದೇವರನ್ನೂ ಬಯ್ಯಬಹುದು. ಕೆಳಗೆ ಕುಕ್ಕರ್ ಕೂಗಿದರೂ ಯಾರೂ ಮೇಲೆ ಬರುವಂತಿಲ್ಲ. ಏಳಕ್ಕೆ ಕೆಳಗಿಳಿದು ಮುಖ ತೊಳೆದು ಅಡುಗೆ.

ಶುರುವಿನಲ್ಲಿ ತಿಂಗಳಾದರೂ ಏನೂ ಆಗಲಿಲ್ಲ. ರಾತ್ರಿ ಮಲಗುವ ಮುಂಚೆ ಇಟ್ಟುಕೊಂಡಿದ್ದೆ, ಅತ್ತು ಅತ್ತು ಬೆಳಗಾಗುತ್ತಿತ್ತು. ಸಾಯಂಕಾಲಕ್ಕೆ ತಂದ ಮೇಲೆ ದಾರಿಗೆ ಬಂತು. ಈಗ ಎಷ್ಟೋ ದಿನ ಆರೂವರೆಗೆ ಪುಸ್ತಕ ತೆಗೆದರೆ ಬೆಳಿಗ್ಗೆ ಬರೆದ ಸಾಲು ಓದಿ ನಗು ಬರುತ್ತದೆ. "ಎಡ ಮೊಣಕೈ ತುರಿಕೆ, ಹರಡಿರಬಹುದು." ಸೊಳ್ಳೆ ಕಡಿದಿತ್ತು!

ನೋವಿಗೆ ಬೇರೆ ಪುಟ. ತಾರೀಕು, ಜಾಗ, ಎಷ್ಟು ಹೊತ್ತು ಇತ್ತು. ಹೊಸ ನೋವು ಎರಡು ವಾರ ಬಿಡದೆ ಇದ್ದರೆ ಡಾಕ್ಟರಿಗೆ ಹೇಳುವುದು, ಅಷ್ಟರಲ್ಲಿ ಹೋದರೆ ಗೀಟು. ಮುಕ್ಕಾಲು ಪಾಲು ಗೀಟೇ ಬಿದ್ದಿವೆ. ಡಾಕ್ಟರ್ ಈ ಪುಟ ನೋಡಿ ಫೋಟೋ ತೆಗೆದುಕೊಂಡರು, ಬೇರೆ ಪೇಷೆಂಟುಗಳಿಗೆ ತೋರಿಸಲು. ಸುಮ್ನೆ ಒಂದು ತಿಂಗಳು ಯಜಮಾನರ ಕೈಯಲ್ಲೂ ಬರೆಸಿದೆ. ಕ್ಯಾನ್ಸರ್ ಇಲ್ಲದವರ ಪುಟವೇ ನನ್ನದಕ್ಕಿಂತ ಬೇಗ ತುಂಬಿತು. ನನಗೆ ಬಂದ ಸಮಾಧಾನ ಯಾವ ಕ್ಯಾಂಪಲ್ಲೂ ಸಿಕ್ಕಿರಲಿಲ್ಲ. ಭಯಕ್ಕೆ, ಸಿಟ್ಟಿಗೆ ಬೇರೆ ಬೇರೆ ಬಣ್ಣದ ಪೆನ್ನು ಇಟ್ಟೂ ನೋಡಿದೆ. ಪೆನ್ನು ಹುಡುಕುವುದೇ ಕೆಲಸವಾಯಿತು, ಬಿಟ್ಟೆ. ನಿದ್ದೆ ಅಳೆಯುವ ವಾಚು ತಂದ ಮಗನಿಗೆ ಅದನ್ನು ವಾಪಸ್ ಕೊಟ್ಟೆ. ಅದನ್ನು ನೋಡುತ್ತಾ ನಿದ್ದೆ ಹೋಗುತ್ತಿತ್ತು.

ಸ್ಕ್ಯಾನ್ ದಿನಕ್ಕೆ ಬೇರೆ ನಿಯಮ. ರಿಪೋರ್ಟ್ ನನ್ನ ಮೊಬೈಲಿಗೆ ಬರುವಂತಿಲ್ಲ, ಮಗನಿಗೆ ಹೋಗುತ್ತದೆ. ಅವನೂ ತೆರೆಯುವಂತಿಲ್ಲ, ಡಾಕ್ಟರ್ ಎದುರೇ ತೆರೆಯಬೇಕು. ಅರ್ಧ ರಾತ್ರಿ ಗೂಗಲ್ಲಿನಲ್ಲಿ ಒಂದೊಂದು ಪದ ಹುಡುಕುವ ಕಾಟ ಇದರಿಂದಲೇ ತಪ್ಪಿತು. ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಒಬ್ಬಳೇ ಸುಮ್ಮನೆ ಮಲಗಿರಬೇಕಲ್ಲ, ಆ ಗಂಟೆ ಹೇಗೆ ಕಳೆಯುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳಲ್ಲ. ನೆಂಟರ ಬಾಯಿ ಮುಚ್ಚಿಸುವ ಒಂದು ವಾಕ್ಯವೂ ಇದೆ, ಅದೂ ಹೊರಗೆ ಬಿಟ್ಟರೆ ನಾಳೆ ಅವರ ಮೇಲೆ ಕೆಲಸ ಮಾಡಲ್ಲ.

ನೀವು ಮಾಡುವುದಾದರೆ ಮೊದಲ ಪುಟದಲ್ಲಿ ಕೆಂಪು ಪೆನ್ನಲ್ಲಿ ಇಷ್ಟು ಬರೆದುಕೊಳ್ಳಿ. ಜ್ವರ 100.4 ಮುಟ್ಟಿದರೆ, ಕಾಲಲ್ಲಿ ಇದ್ದಕ್ಕಿದ್ದಂತೆ ಶಕ್ತಿ ಹೋದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಉಸಿರಾಟಕ್ಕೆ ಕಷ್ಟವಾದರೆ ಎರಡು ವಾರವೂ ಇಲ್ಲ, ಆರೂವರೆಯೂ ಇಲ್ಲ. ಆಗಿಂದಾಗಲೇ ಆಸ್ಪತ್ರೆ.