ಸೇಬಾದಲ್ಲಿ ಒಂದು ದಿನ: ನಾನು ಹತ್ತಿದ ಮೆಟ್ಟಿಲು, ಅಮ್ಮ ನೋಡಿದ ಊರು

ಕೆರಿಬಿಯನ್‌ಗೆ ಹೋಗಿದ್ವಿ ಅಂದ ತಕ್ಷಣ ಎಲ್ಲರೂ ಕೇಳೋದು ಬೀಚ್ ಹೇಗಿತ್ತು ಅಂತ. ನಮಗೆ ತುಂಬಾ ಇಷ್ಟ ಆದ ದ್ವೀಪದಲ್ಲಿ ಹೇಳ್ಕೊಳ್ಳೋಂಥ ಬೀಚೇ ಇಲ್ಲ ಮಾರಾಯ್ರೆ ಅಂದ್ರೆ ಮುಖ ಮುಖ ನೋಡ್ತಾರೆ. ಸೇಬಾ ಅಂತ ಅದರ ಹೆಸರು. ಇಂಗ್ಲಿಷಲ್ಲಿ ಬರೆದಿರೋದು ನೋಡಿ ನಾನೂ ಸಾಬಾ ಸಾಬಾ ಅಂತಿದ್ದೆ, ಅಲ್ಲಿಯೋರು ತಿದ್ದಿದ್ರು. ಬರೀ 13 ಚದರ ಕಿಲೋಮೀಟರ್, ಸುಮಾರು ಎರಡು ಸಾವಿರ ಜನ, ಸಮುದ್ರದ ನಡುವೆ ಸೀದಾ ಎದ್ದು ನಿಂತಿರೋ ಒಂದು ಹಳೇ ಜ್ವಾಲಾಮುಖಿ ಗುಡ್ಡ. ನೆದರ್ಲೆಂಡ್ಸ್‌ಗೆ ಸೇರಿದ್ದು, ಆದ್ರೆ ಜನ ಆಡೋ ಮಾತು ಇಂಗ್ಲಿಷ್, 2011ರಿಂದ ನಡೆಯೋ ದುಡ್ಡು ಅಮೆರಿಕನ್ ಡಾಲರ್. ಮರಳು ಇಲ್ಲ, ದೊಡ್ಡ ರೆಸಾರ್ಟ್ ಇಲ್ಲ, ಟ್ರಾಫಿಕ್ ಸಿಗ್ನಲ್ ಇಲ್ಲ, ಹಾಗಾಗಿ ಗದ್ದಲಾನೂ ಇಲ್ಲ.

ನಾವು ಇರೋದು ನ್ಯೂಜೆರ್ಸಿಲಿ. ಹೋದ ಏಪ್ರಿಲ್‌ನಲ್ಲಿ ಮಗಳ ರಜ, ಅದೇ ಟೈಮಿಗೆ ತೀರ್ಥಹಳ್ಳಿಯಿಂದ ಅಮ್ಮನೂ ಬಂದಿದ್ರು, ಸೇಬಾ ಪಕ್ಕದ ಸೇಂಟ್ ಮಾರ್ಟಿನ್ ದ್ವೀಪದಲ್ಲಿ ಐದು ದಿನ ಇದ್ವಿ. ಅಲ್ಲಿ ಎರಡನೇ ದಿನಕ್ಕೇ ಅಮ್ಮಂಗೆ ಬೇಜಾರು, "ಇದೇನೋ ಬಿಸಿಲಲ್ಲಿ ಬಿದ್ಕೊಂಡಿರೋದು ನೋಡಕ್ಕೆ ಇಷ್ಟು ದೂರ ಬರಬೇಕಿತ್ತಾ" ಅಂತ. ಸೇಬಾಕ್ಕೆ ಒಂದು ದಿನ ಹೋಗಿಬರೋದು ನನ್ನ ತಲೇಲಿ ಮೊದಲೇ ಇತ್ತು. ವಯಸ್ಸಾದ ತಂದೆತಾಯಿ ಕರ್ಕೊಂಡು ಹೋಗೋ ಯೋಚನೆ ಇರೋರಿಗೆ ಉಪಯೋಗ ಆಗಬಹುದು ಅಂತ ನಾನು ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಅಂತ ಬರೀತಿದೀನಿ.

ಮೊದಲು ಫೆರ್ರಿ. ಸೇಂಟ್ ಮಾರ್ಟಿನ್‌ನಿಂದ ಒಂದೂಕಾಲು ಒಂದೂವರೆ ಗಂಟೆ ದಾರಿ, ಹೋಗಿಬರೋಕೆ ಒಬ್ಬರಿಗೆ ನೂರು ಡಾಲರ್ ಆಸುಪಾಸು ಆಯ್ತು ನಮಗೆ. ದಿನಾ ಒಂದೇ ಟೈಮಿಗೆ ಇರಲ್ಲ, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರೋ ಹಾಗೆ ಯಾವ ದಿನ ಇದೆ ಅಂತ ನೋಡ್ಕೊಂಡೇ ಉಳಿದ ಪ್ಲಾನ್ ಮಾಡಿ. ಪಾಸ್‌ಪೋರ್ಟ್ ಬೇಕೇ ಬೇಕು, ಯಾಕಂದ್ರೆ ಸೇಬಾನೂ ಸೇಂಟ್ ಮಾರ್ಟಿನ್‌ನಲ್ಲಿ ಬೋಟ್ ಹತ್ತೋ ಕಡೆಯೂ ಡಚ್ಚರದ್ದೇ ಆದ್ರೂ ಆಡಳಿತ ಬೇರೆ ಬೇರೆ, ಎರಡೂ ಕಡೆ ಇಮಿಗ್ರೇಷನ್ ಮಾಡ್ತಾರೆ. ಭಾರತದ ಪಾಸ್‌ಪೋರ್ಟ್ ಇರೋರು ವೀಸಾ ರೂಲ್ಸ್ ಎರಡೂ ಜಾಗಕ್ಕೂ ಬೇರೆ ಬೇರೆಯಾಗಿ ಓದ್ಕೊಂಡು ಹೋಗಿ. ವಿಮಾನಾನೂ ಇದೆ, ಆದ್ರೆ ಸೇಬಾದ ರನ್‌ವೇ 400 ಮೀಟರ್ ಅಷ್ಟೇ, ಪ್ಯಾಸೆಂಜರ್ ವಿಮಾನ ಇಳಿಯೋ ರನ್‌ವೇಗಳಲ್ಲಿ ಪ್ರಪಂಚದಲ್ಲೇ ಅತಿ ಚಿಕ್ಕದು ಅಂತ ಹೆಸರು, ಎರಡೂ ತುದೀಲಿ ಸಮುದ್ರಕ್ಕೆ ಪ್ರಪಾತ. ವಿಡಿಯೋ ತೋರಿಸಿದ್ದಕ್ಕೆ ನನ್ನ ಹೆಂಡತಿ ಫೋನನ್ನೇ ಪಕ್ಕಕ್ಕೆ ತಳ್ಳಿದ್ಲು.

ಸಮುದ್ರ ನಾನು ಅಂದ್ಕೊಂಡಿದ್ದಕ್ಕಿಂತ ಒರಟಾಗಿತ್ತು. ವಾಂತಿ ಮಾತ್ರೇನ ಬೋಟ್ ಹತ್ತೋಕೆ ಒಂದು ಗಂಟೆ ಮುಂಚೆ ತಗೋಬೇಕು ಅಂತ ಎಲ್ಲರಿಗೂ ಹೇಳಿ ಕೊಟ್ಟವನು ನಾನೇ, ಗಡಿಬಿಡೀಲಿ ನನ್ನದು ಮರೆತೆ, ಬೋಟ್ ಹೊರಟ ಮೇಲೆ ನುಂಗಿದೆ, ಹದಿನೈದು ನಿಮಿಷಕ್ಕೆ ಮಾತ್ರೆ ಸಮೇತ ಕವರ್‌ಗೆ ಬಂತು. ಅಮ್ಮ ಬ್ಯಾಗಿಂದ ಒಣಶುಂಠಿ ಚೂರು ತೆಗೆದು ಕೊಟ್ರು, ಏನೂ ಮಾತಾಡಲಿಲ್ಲ, ಅದೇ ಹೆಚ್ಚು. ಹಿಂದಿನ ಸೀಟಲ್ಲಿ ಕೂತು ದೂರದ ಗುಡ್ಡ ನೋಡ್ತಾ ಇದ್ರೆ ಸ್ವಲ್ಪ ಪರವಾಗಿಲ್ಲ.

ಈಗ ಮುಖ್ಯ ವಿಷಯ, ಗೈಡ್. ಎರಡು ವಾರ ಮುಂಚೆನೇ ಅಲ್ಲಿನ ಟ್ಯಾಕ್ಸಿ ಡ್ರೈವರ್ ಒಬ್ಬರಿಗೆ ಮೇಲ್ ಮಾಡಿ ಪೂರ್ತಿ ದಿನಕ್ಕೆ ಮಾತಾಡ್ಕೊಂಡಿದ್ದೆ, ಅಲ್ಲಿ ಟ್ಯಾಕ್ಸಿ ಓಡಿಸೋರೇ ಗೈಡು ಕೂಡ. ಅರವತ್ತು ದಾಟಿದ ಮನುಷ್ಯ, ಫೋರ್ಟ್ ಬೇ ಅನ್ನೋ ಬಂದರಲ್ಲಿ ವ್ಯಾನ್ ಬಾಗಿಲು ತೆಗೆದು ನಿಂತಿದ್ರು. ನಾನು ಪ್ರಿಂಟ್ ತೆಗೆದುಕೊಂಡು ಹೋಗಿದ್ದ ಪ್ಲಾನ್ ಕೊಟ್ಟೆ, ಆರು ಗಂಟೆಯೊಳಗೆ ಏಳು ಜಾಗ, ಊಟಕ್ಕೆ ನಲವತ್ತು ನಿಮಿಷ. ಓದಿ ಮಡಚಿ ನನ್ನ ಜೇಬಿಗೇ ವಾಪಸ್ ಹಾಕಿದ್ರು. "ಇದು ಮೂರು ದಿನದ ಕೆಲಸ. ಮೇಲೆ ಗುಡ್ಡಕ್ಕೆ ಹೋಗ್ತೀಯೋ, ಊರು ನೋಡ್ತೀಯೋ, ಒಂದು ಹೇಳು" ಅಂದ್ರು. ಅಮ್ಮಂಗೆ ಮಂಡಿನೋವು, ಗುಡ್ಡ ಆಗಲ್ಲ. ನಾನು ಗುಡ್ಡ ಬಿಡಲ್ಲ. ಕೊನೆಗೆ ನಾನೂ ಹೆಂಡತೀನೂ ಗುಡ್ಡಕ್ಕೆ, ಅಮ್ಮ ಮತ್ತೆ ಒಂಬತ್ತು ವರ್ಷದ ಮಗಳು ಡ್ರೈವರ್ ಜೊತೆ ಊರಿಗೆ ಅಂತ ಆಯ್ತು. ಹೊಸ ಜಾಗದಲ್ಲಿ ಅಮ್ಮನ್ನ ಬಿಟ್ಟು ಹೋಗೋದು ನಂಗೆ ಅಳುಕೇ, ಆದ್ರೆ ಅಮ್ಮ ಮೂವತ್ತು ವರ್ಷ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೋರು, ಅವರ ಇಂಗ್ಲಿಷ್ ನಿಧಾನ ಆದ್ರೂ ಸ್ಪಷ್ಟ, ಡ್ರೈವರಿಗೆ ನನ್ನದಕ್ಕಿಂತ ಅದೇ ಚೆನ್ನಾಗಿ ಅರ್ಥ ಆಗ್ತಿತ್ತು.

ಬಂದರಿಂದ ವಿಂಡ್‌ವರ್ಡ್‌ಸೈಡ್ ಅನ್ನೋ ಊರಿನವರೆಗೆ ನಾಲ್ಕು ಜನಾನೂ ಒಟ್ಟಿಗೇ ಹೋದ್ವಿ, ಆ ರಸ್ತೆ ಬಗ್ಗೆ ಹೇಳ್ಲೇಬೇಕು. ದ್ವೀಪಕ್ಕೆ ಇರೋದು ಅದೊಂದೇ ಮುಖ್ಯ ರಸ್ತೆ, ಹೆಸರೂ "ದ ರೋಡ್" ಅಂತಲೇ. ಡಚ್ ಎಂಜಿನಿಯರುಗಳು ಬಂದು ನೋಡಿ ಈ ಗುಡ್ಡಕ್ಕೆ ರಸ್ತೆ ಮಾಡೋದು ಆಗದ ಮಾತು ಅಂದು ಹೋದ್ರಂತೆ. ಆಗ ಊರಿನವರೇ ಆದ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಅನ್ನೋರು ಅಂಚೆ ಮೂಲಕ ಸಿವಿಲ್ ಎಂಜಿನಿಯರಿಂಗ್ ಕೋರ್ಸ್ ಮಾಡಿ, ಊರಿನ ಗಂಡಸರನ್ನ ಕಟ್ಕೊಂಡು 1938ರಲ್ಲಿ ಕೆಲಸ ಶುರು ಮಾಡಿದ್ರು, ಯಂತ್ರ ಇಲ್ಲ, ಕೈಯಲ್ಲೇ ಕಲ್ಲು ಒಡೆದು ಹೊತ್ತು ಕಟ್ಟಿದ್ದು. ಬಂದರಿಂದ ದ ಬಾಟಮ್ ಅನ್ನೋ ಊರಿನವರೆಗೆ ಬರೋಷ್ಟರಲ್ಲಿ 1943, ದ್ವೀಪಕ್ಕೆ ಮೊದಲ ಗಾಡಿ ಬಂದಿದ್ದು 1947, ಪೂರ್ತಿ ಮುಗಿದಿದ್ದು 1958. ವ್ಯಾನು ಫಸ್ಟ್ ಗೇರಲ್ಲಿ ಗೊಂಯ್‌ಗುಡ್ತಾ ಹತ್ತುವಾಗ ನಾನು ಮುಂದಿನ ಸೀಟು ಗಟ್ಟಿಯಾಗಿ ಹಿಡ್ಕೊಂಡಿದ್ದೆ, ಆಗುಂಬೆ ಘಾಟೀಲಿ ಬಸ್ಸಲ್ಲಿ ನಿಂತ್ಕೊಂಡು ಓಡಾಡಿದ ಅಮ್ಮ ಆರಾಮಾಗಿ ಪ್ರಶ್ನೆ ಕೇಳ್ತಾ ಕೂತಿದ್ರು. ರಸ್ತೆಗೆ ಮುಂಚೆ ಸಾಮಾನು ಹೇಗೆ ತರ್ತಿದ್ರಿ? ಡ್ರೈವರ್ ಕೈ ಮಾಡಿ ತೋರಿಸಿದ್ರು, ಲ್ಯಾಡರ್ ಬೇ ಕಡೆ ಬಂಡೇಲಿ ಕೊರೆದ 800 ಮೆಟ್ಟಿಲು, ಅಕ್ಕಿಮೂಟೆಯಿಂದ ಪಿಯಾನೋವರೆಗೆ ಎಲ್ಲಾ ತಲೆ ಮೇಲೆ ಹೆಗಲ ಮೇಲೆ. ದ ಬಾಟಮ್ ಇಲ್ಲಿನ ರಾಜಧಾನಿ, ಹೆಸರು ಬಾಟಮ್ ಆದ್ರೂ ಇರೋದು ಗುಡ್ಡ ಹತ್ತಿದ ಮೇಲೆ. ಅಲ್ಲೊಂದು ಮೆಡಿಕಲ್ ಕಾಲೇಜಿದೆ, ಅಮೆರಿಕ ಕೆನಡಾದ ಹುಡುಗರು ಬಂದು ಓದ್ತಾರೆ. ನೀರಿನ ಬಾಟಲಿ ತಗೊಳ್ಳೋಕೆ ಇಳಿದ ಅಂಗಡೀಲಿ ಒಬ್ಬಳು ತೆಲುಗು ಹುಡುಗಿ ಸಿಕ್ಕಿ ಅಮ್ಮನ ಸೀರೆ ನೋಡಿ ಓಡಿ ಬಂದು ಮಾತಾಡಿಸಿದ್ಲು, ಪಾಪ ಪರೀಕ್ಷೆ ಅಂತೆ.

ವಿಂಡ್‌ವರ್ಡ್‌ಸೈಡಲ್ಲಿ ನಾವಿಬ್ಬರೂ ಇಳಿದ್ವಿ. ಮೌಂಟ್ ಸೀನರಿ, ಎತ್ತರ ಸುಮಾರು 880 ಮೀಟರ್ ಅಂತಾರೆ, ಡಚ್ ರಾಜ್ಯದಲ್ಲೇ ಅತಿ ಎತ್ತರದ ಜಾಗ. ಊರೇ ಅರ್ಧ ಎತ್ತರದಲ್ಲಿರೋದ್ರಿಂದ ಅಲ್ಲಿಂದ 1064 ಮೆಟ್ಟಿಲು. ಸಾವಿರ ಮೆಟ್ಟಿಲು ಅಂದ್ರೆ ಚಾಮುಂಡಿ ಬೆಟ್ಟದ್ದೇ ಲೆಕ್ಕ, ಅದರಲ್ಲೇನಿದೆ ಅಂದ್ಕೊಂಡಿದ್ದೆ. ಇಲ್ಲಿನ ಮೆಟ್ಟಿಲು ಒಂದೊಂದು ಒಂದೊಂದು ಎತ್ತರ, ಪಾಚಿ, ಸದಾ ಒದ್ದೆ. ಹತ್ತೋಕೆ ಒಂದೂವರೆ ಗಂಟೆ ತಗೊಂಡ್ವಿ. ಕೆಳಗೆ ಒಣ ಒಣ ಇದ್ದ ಕಾಡು ಮೇಲೆ ಹೋದಂಗೆ ಬದಲಾಗ್ತಾ ಹೋಗುತ್ತೆ, ಕೆಸುವಿನ ಜಾತಿ ಎಲೆಗಳು ಕೊಡೆಯಷ್ಟು ಅಗಲ, ಮರದೆತ್ತರ ಜರಿಗಿಡ, ಕಾಂಡ ಕಾಣದ ಹಾಗೆ ಪಾಚಿ ಹೊದ್ದ ಮರಗಳು. ದಾರಿಗೆ ಅಡ್ಡವಾಗಿ ಒಂದು ಸಣ್ಣ ಹಾವು ಹೋಯ್ತು, ವಿಷ ಇಲ್ಲ ಅಂತ ಕೆಳಗೆ ಟ್ರೇಲ್ ಶಾಪಲ್ಲಿ ಹೇಳಿದ್ರು, ಹೆಂಡತಿಗೆ ಅದು ನೆನಪಾಗಿದ್ದು ಹತ್ತು ಮೆಟ್ಟಿಲು ಕೆಳಗೆ ಓಡಿದ ಮೇಲೆ. ಮೈಮೇಲೆ ಚುಕ್ಕೆ ಇರೋ ಹಲ್ಲಿಗಳು ಮಾತ್ರ ಎಲ್ಲಿ ನೋಡಿದ್ರಲ್ಲಿ, ಆ ಜಾತಿ ಈ ದ್ವೀಪ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ತುದಿ ಮುಟ್ಟಿದ್ವಿ. ಬಿಳಿ. ಸುತ್ತಲೂ ಬರೀ ಬಿಳಿ. ಅಕ್ಕಪಕ್ಕದ ದ್ವೀಪಗಳೆಲ್ಲ ಕಾಣುತ್ತೆ ಅಂತ ಓದ್ಕೊಂಡು ಹೋಗಿದ್ದೆ, ನನ್ನ ಹೆಂಡತಿ ಎರಡು ಮಾರು ದೂರ ನಿಂತಿದ್ದೋಳೇ ಸರಿಯಾಗಿ ಕಾಣ್ತಿರಲಿಲ್ಲ. ಇಪ್ಪತ್ತು ನಿಮಿಷ ಕಾದ್ವಿ, ಮೋಡ ಕದಲಲಿಲ್ಲ. ತಪ್ಪು ನಂದೇ, ಆ ತುದಿ ಮೇಲೆ ಮೋಡ ಇರೋದೇ ಹೆಚ್ಚು, ಆ ಕಾಡು ಬದುಕಿರೋದೇ ಆ ಮೋಡದ ನೀರಿಂದ. ಎಷ್ಟು ಹೊತ್ತಿಗೆ ತುದಿ ಬಿಡಿಸ್ಕೊಂಡಿರುತ್ತೆ ಅಂತ ಡ್ರೈವರನ್ನ ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಇಳಿಯೋವಾಗ ಒಂದ್ಸಲ ಜಾರಿ ಕೂತೆ, ಪ್ಯಾಂಟು ಹೋಯ್ತು. ರನ್ನಿಂಗ್ ಶೂ ಸಾಲಲ್ಲ, ಅಡಿ ಹಿಡಿತ ಇರೋದು ಬೇಕು.

ಊಟ ಒಂದೂವರೆಗೆ ಒಟ್ಟಿಗೆ ಅಂತ ಮಾತಾಗಿತ್ತು. ಶಾಕಾಹಾರಿ ಇಬ್ಬರಿದೀವಿ ಅಂತ ಮೊದಲೇ ಹೇಳಿಸಿದ್ದೆ, ಅನ್ನ, ಹುರುಳಿ ಕಾಳಿನ ಥರದ್ದೊಂದು ಪಲ್ಯ, ಜಾನಿ ಕೇಕ್ ಅನ್ನೋ ಕರಿದ ರೊಟ್ಟಿ ಕೊಟ್ರು. ಅಮ್ಮ ತಮ್ಮ ಚಟ್ನಿಪುಡಿ ಡಬ್ಬಿ ತೆಗೆದ್ರು, ಅದು ಎಲ್ಲಿ ಹೋದ್ರೂ ಇದ್ದದ್ದೇ. ಆದ್ರೆ ಊಟದಲ್ಲಿ ನಮ್ಮ ಬೆಟ್ಟದ ಕಥೆ ಯಾರೂ ಕೇಳಲೇ ಇಲ್ಲ. ಅಜ್ಜಿ ಮೊಮ್ಮಗಳು ಇಬ್ಬರೂ ಒಟ್ಟಿಗೇ ಮಾತಾಡ್ತಿದ್ರು.

ಅಮ್ಮ ಡ್ರೈವರಿಗೆ ಕೇಳಿದ ಮೊದಲ ಪ್ರಶ್ನೆ ಹೊಳೆ ಎಲ್ಲಿ ಅಂತ. ಇಷ್ಟು ಹಸಿರು ಗುಡ್ಡ, ಹೊಳೆ ಇರಬೇಕಲ್ಲ. ಇಲ್ಲ, ದ್ವೀಪದಲ್ಲಿ ಒಂದೂ ಇಲ್ಲ. ಮತ್ತೆ ನೀರು? ಆ ಪುಣ್ಯಾತ್ಮ ಸೀದಾ ತಮ್ಮ ಮನೆಗೇ ಕರ್ಕೊಂಡು ಹೋಗಿ ತೊಟ್ಟಿ ಮುಚ್ಚಳ ತೆಗೆದು ತೋರಿಸಿದಾರೆ. ಅಲ್ಲಿ ಮನೆ ಎಲ್ಲಾ ಒಂದೇ ಥರ, ಬಿಳಿ ಗೋಡೆ, ಕೆಂಪು ಸೂರು, ಹಸಿರು ಅಂಚಿನ ಕಿಟಕಿ. ಆ ಸೂರಿನ ಮೇಲೆ ಬಿದ್ದ ಮಳೆನೀರು ಪೈಪಲ್ಲಿ ತೊಟ್ಟಿಗೆ ಇಳಿಯುತ್ತೆ, ವರ್ಷವಿಡೀ ಅದೇ ನೀರು. ಸೂರು ಯಾಕೆ ಅಷ್ಟು ಕ್ಲೀನಾಗಿ ಇಟ್ಕೋತಾರೆ ಅಂತ ಆಗ ಗೊತ್ತಾಯ್ತು ಕಣೋ ಅಂದ್ರು ಅಮ್ಮ. ಅಂಗಳದಲ್ಲಿ ಸುಣ್ಣ ಹೊಡೆದ ಕಟ್ಟೆ ನೋಡಿ ಇವರೂ ತುಳಸಿಕಟ್ಟೆ ಥರ ಏನೋ ಇಟ್ಟಿದಾರೆ ಅಂದ್ಕೊಂಡು ಹತ್ರ ಹೋಗಿ ಕೈಮುಗಿದ್ರಂತೆ, ಅದು ಡ್ರೈವರ ಅಪ್ಪ ಅಮ್ಮನ ಸಮಾಧಿ. ಸಮತಟ್ಟು ಜಾಗ ಕಡಿಮೆ, ಮನೆಯವರನ್ನ ಮನೆ ಹಿತ್ತಲಲ್ಲೇ ಮಣ್ಣು ಮಾಡೋದು ಅಲ್ಲಿ ಹಳೇ ರೂಢಿ. ಅಮ್ಮ ಕೈಮುಗಿದಿದ್ದು ನೋಡಿ ಅವರು ಟೋಪಿ ತೆಗೆದು ನಿಂತರಂತೆ. ಇದನ್ನ ಹೇಳಿದ್ದು ಮಗಳು, ಅಮ್ಮ ಅಲ್ಲ.

ಆಮೇಲೆ ಲೇಸ್. ಸೇಬಾ ಲೇಸ್ ಅಂತ ಹೆಸರುವಾಸಿ, ಮೇರಿ ಗರ್ಟ್ರೂಡ್ ಜಾನ್ಸನ್ ಅನ್ನೋ ಹೆಂಗಸು ವೆನೆಜುವೆಲಾದ ಕಾನ್ವೆಂಟಲ್ಲಿ ಕಲಿತು 1870ರ ದಶಕದಲ್ಲಿ ಊರಿಗೆ ತಂದ ಕಸೂತಿ. ಗಂಡಸರೆಲ್ಲ ಹಡಗಿಗೆ ಹೋಗ್ತಿದ್ರು, ಮನೇಲಿದ್ದ ಹೆಂಗಸರು ಇದನ್ನ ಹೆಣೆದು ಅಂಚೇಲಿ ಅಮೆರಿಕಕ್ಕೆ ಕಳಿಸಿ ಸಂಸಾರ ನಡೆಸಿದ್ರು. ಈಗ ಮಾಡೋರು ಕೆಲವೇ ಜನ, ವಯಸ್ಸಾದೋರು. ಡ್ರೈವರಿಗೆ ಗೊತ್ತಿದ್ದ ಒಬ್ಬರ ಮನೆಗೆ ಹೋಗಿ ಅಮ್ಮ ಮುಕ್ಕಾಲು ಗಂಟೆ ಕೂತಿದಾರೆ. ನನ್ನ ಪ್ರಿಂಟ್ ಪ್ಲಾನಲ್ಲಿ ಲೇಸ್‌ಗೆ ಹತ್ತು ನಿಮಿಷ ಇತ್ತು, ಅದೂ ಮ್ಯೂಸಿಯಂ ಜೊತೆ ಸೇರಿಸಿ. ಅಮ್ಮ ನಂಗೆ ವಿವರಿಸಿದ್ದು ಹೀಗೆ: ಕ್ರೋಶಾ ಅಂದ್ರೆ ದಾರದಿಂದ ಬಟ್ಟೆ ಮಾಡೋದು, ಇದು ಉಲ್ಟಾ, ಇರೋ ಬಟ್ಟೆಯಿಂದಲೇ ಎಳೆ ಒಂದೊಂದಾಗಿ ಎಳೆದು ತೆಗೆದು, ಉಳಿದ ಎಳೆಗಳನ್ನ ಗಂಟು ಹಾಕಿ ಹೂವು ಬಿಡಿಸೋದು, ಒಂದು ಎಳೆ ತಪ್ಪಿದ್ರೆ ಕೆಲಸ ಕೆಟ್ಟ ಹಾಗೆ. ಆ ಅಜ್ಜಿ ಸೂಜಿ ಕೊಟ್ಟು ನೀನೂ ಹಾಕು ಅಂದ್ರಂತೆ. ಅಮ್ಮ ನಾಲ್ಕು ಹೊಲಿಗೆ ಹಾಕಿದಾರೆ, ಮೂರು ಬಿಚ್ಚಿಸಿದಾರೆ.

ಊಟ ಆದ ಮೇಲೆ ನನಗೆ ಕಾಲು ಎತ್ತೋಕೆ ಆಗ್ತಿರಲಿಲ್ಲ, ಹೆಂಡತಿ ನಾನು ಕಾಫಿ ಹಿಡ್ಕೊಂಡು ಅಲ್ಲೇ ಕೂತ್ವಿ, ಅಮ್ಮ ಮಗಳು ಮತ್ತೆ ವ್ಯಾನ್ ಹತ್ತಿದ್ರು. ಜಯಾನ್ಸ್ ಹಿಲ್ ಅಂತ ಇನ್ನೊಂದು ಊರಿದೆ, ಮೊದಲು ಅದರ ಹೆಸರು ಹೆಲ್ಸ್ ಗೇಟ್, ಚರ್ಚು ಇರೋ ಊರಿಗೆ ನರಕದ ಬಾಗಿಲು ಅಂತ ಹೆಸರು ಚೆನ್ನಾಗಿರಲ್ಲ ಅಂತ ಬದಲಾಯಿಸಿದ್ರಂತೆ, ಆದ್ರೂ ಡ್ರೈವರ್ ಹೇಳ್ತಿದ್ದಿದ್ದು ಹೆಲ್ಸ್ ಗೇಟ್ ಅಂತಲೇ. ಅಲ್ಲಿಂದ ಕೆಳಗೆ ಏರ್‌ಪೋರ್ಟ್ ಪೂರ್ತಿ ಕಾಣುತ್ತೆ. ಬಂದರಿಗೆ ಇಳಿಯೋ ಮೊದಲು ನಮ್ಮನ್ನೂ ಹತ್ತಿಸ್ಕೊಂಡು ವೆಲ್ಸ್ ಬೇ ಕಡೆ ಒಂದು ಸುತ್ತು, ಅಲ್ಲೊಂದು ತಮಾಷೆ ಇದೆ, ಬೇಸಿಗೆ ಕಡೆಗೆ ಸಮುದ್ರ ಮರಳು ತಂದು ಸುರಿದು ಒಂದು ಸಣ್ಣ ಬೀಚ್ ಆಗುತ್ತೆ, ಚಳಿಗಾಲಕ್ಕೆ ಅದೇ ಸಮುದ್ರ ವಾಪಸ್ ಎತ್ಕೊಂಡು ಹೋಗುತ್ತೆ. ನಾವು ಹೋದಾಗ ಬಂಡೆಗಳ ಸಂದೀಲಿ ಇಷ್ಟಿಷ್ಟು ಮಾತ್ರ ಬಂದಿತ್ತು.

ದುಡ್ಡಿನ ವಿಷಯ, ಡ್ರೈವರಿಗೆ ಮಾತಾಡಿದ್ದು ನಾಲ್ಕು ಜನಕ್ಕೆ ಒಟ್ಟು, ನಗದು ಇಟ್ಕೊಂಡಿರಿ. ಟಿಪ್ ಕೊಡೋಕೆ ಹೋದ್ರೆ ಮೊದಲು ಬೇಡ ಅಂದ್ರು, ಆಮೇಲೆ ಅಮ್ಮನ ಕೈಯಲ್ಲಿದ್ದ ಚಟ್ನಿಪುಡಿ ಡಬ್ಬಿ ತೋರಿಸಿದ್ರು. ಡಬ್ಬಿ ಸಮೇತ ಹೋಯ್ತು, ಟಿಪ್ಪೂ ಹೋಯ್ತು.

ವಾಪಸ್ ಬೋಟಲ್ಲಿ ಮಾತ್ರೆ ಸರಿಯಾದ ಟೈಮಿಗೆ ತಗೊಂಡಿದ್ದೆ. ಹಿಂದೆ ತಿರುಗಿ ನೋಡಿದ್ರೆ ಮೌಂಟ್ ಸೀನರಿ ತುದಿ ಮೋಡ ಇಲ್ದೆ ಸಾಫಾಗಿ ನಿಂತಿತ್ತು. ನೋಡೇ ನೋಡೇ ಅಂತ ಹೆಂಡತಿಗೆ ತೋರಿಸ್ತಿದ್ರೆ ಅಮ್ಮ ನನ್ನ ಮೊಣಕೈ ತಟ್ಟಿ ಅವರ ಫೋನ್ ಕೊಟ್ರು, ವಿಮಾನ ಇಳಿದಿದ್ದು ವಿಡಿಯೋ ಮಾಡಿದೀನಿ ನೋಡು ಅಂತ. ನಲವತ್ತು ಸೆಕೆಂಡಿನ ವಿಡಿಯೋ, ಅದರಲ್ಲಿ ಮೂವತ್ತು ಸೆಕೆಂಡ್ ಅಮ್ಮನ ಹೆಬ್ಬೆರಳು. ಹಿಂದೆ ಡ್ರೈವರ್ ದನಿ, "ನೌ, ನೌ, ನೌ" ಅಂತ, ಮಗಳ ಕಿರುಚಾಟ, ಕೊನೇಲಿ ಬೆರಳು ಸರಿದು ರನ್‌ವೇ ಕಾಣುತ್ತೆ, ವಿಮಾನ ಆಗಲೇ ನಿಂತಿದೆ.