ಹಿಮದ ಊರಿಗೆ ಹೊಸಬರೇ, ಮೊದಲು ಟೈರಿನ ಪಕ್ಕೆ ನೋಡಿ

ಟೈರಿನ ಮೇಲೆ "ಆಲ್ ಸೀಸನ್" ಎಂಬ ಹೆಸರು ನೋಡಿ ಹನ್ನೆರಡು ತಿಂಗಳಿಗೂ ಇದೇ ಸಾಕು ಅಂದುಕೊಳ್ಳಬೇಡಿ. ಚಳಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇದರ ರಬ್ಬರು ಗಡುಸಾಗತೊಡಗುತ್ತದೆ. ಗಡುಸಾದ ರಬ್ಬರು ರಸ್ತೆ ಕಚ್ಚುವುದಿಲ್ಲ.

ಕೊಳ್ಳುವ ಮೊದಲು ಬಗ್ಗಿ ಟೈರಿನ ಪಕ್ಕೆ ಓದಿ. ಎಂ+ಎಸ್ ಎಂದರೆ ಕೆಸರು ಮತ್ತು ಹಿಮ. ಅದು ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಗೀರುಗಳ ಪದರದ, ವಿನ್ಯಾಸಕ್ಕೆ ತಯಾರಕರೇ ಹಾಕುವ ಗುರುತು, ಹಿಮದಲ್ಲಿ ಓಡಿಸಿ ಪರೀಕ್ಷಿಸಿ ಕೊಟ್ಟದ್ದಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು: ಈ ಚಿತ್ರವಿದ್ದರೆ ಟೈರು ಹಿಮದ ಪರೀಕ್ಷೆ ದಾಟಿದೆ ಎಂದರ್ಥ. ಇಂಥ ಗುರುತಿದ್ದು ವರ್ಷವಿಡೀ ಓಡಿಸಬಹುದಾದ ಟೈರನ್ನು "ಆಲ್ ವೆದರ್" ಎನ್ನುತ್ತಾರೆ. ಹೆಸರು ಒಂದೇ ಥರ ಕೇಳಿಸುತ್ತದೆ, ಮಾಲು ಬೇರೆ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಬರೀ ಎಂ+ಎಸ್ ಸಾಲದು. ಕೆನಡಾದ ಕ್ವಿಬೆಕ್‌ನಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ.

ರಸ್ತೆಯ ಮೇಲೆ ಹೆಪ್ಪುಗಟ್ಟಿದ ಐಸ್ ವಿಷಯವೇ ಬೇರೆ. ಬೆಟ್ಟದ ಗುರುತು ಅದಕ್ಕೆ ಖಾತ್ರಿ ಕೊಡುವುದಿಲ್ಲ. 0 ಡಿಗ್ರಿ ಆಸುಪಾಸಿನಲ್ಲಿ ಐಸ್ ಮೇಲೆ ತೆಳ್ಳನೆ ನೀರಿನ ಪೊರೆ ನಿಂತಿರುತ್ತದೆ, ಜಾರಿಸುವುದು ಅದೇ. ವಿಂಟರ್ ಟೈರನ್ನು ಹತ್ತಿರದಿಂದ ನೋಡಿ: ಪ್ರತಿ ರಬ್ಬರ್ ಗಟ್ಟಿಯಲ್ಲೂ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಅವು ಆ ನೀರಿಗೆ ಜಾಗ ಕೊಟ್ಟು, ತಮ್ಮ ಅಂಚಿನಿಂದ ಹಿಡಿಯುತ್ತವೆ. ವಾರಗಟ್ಟಲೆ ರಸ್ತೆ ಹೆಪ್ಪುಗಟ್ಟುವ ಕಡೆ ಇದ್ದೀರಾದರೆ ಆಲ್ ವೆದರ್ ಬಿಟ್ಟು ನಿಜವಾದ ವಿಂಟರ್ ಟೈರನ್ನೇ ಹಾಕಿಸಿ.

ಹಾಕಿಸಿದರೆ ನಾಲ್ಕೂ ಒಂದೇ ಬಗೆಯದಿರಲಿ. ಮುಂದಿನೆರಡಕ್ಕೆ ಮಾತ್ರ ಹೊಸದು ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯಬಹುದು. ನಾಲ್ಕೂ ಚಕ್ರ ಎಳೆಯುವ ಕಾರು ಹೊರಡಲು ಸುಲಭ ಮಾಡುತ್ತದೆಯೇ ಹೊರತು ಬ್ರೇಕಿಗೆ ಸಹಾಯ ಮಾಡುವುದಿಲ್ಲ.

ಹಳೆ ಟೈರು ಕೊಳ್ಳುವಾಗ ಪಕ್ಕೆಯಲ್ಲಿ DOT ಎಂದು ಶುರುವಾಗುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 3521 ಎಂದರೆ 2021ರ 35ನೇ ವಾರ ತಯಾರಾದದ್ದು. ಟ್ರೆಡ್ಡಿನ ಆಳ ಸವೆದು 4 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ, ಕಾನೂನು ಒಪ್ಪಿದರೂ, ಹಿಮಕ್ಕೆ ಬೇಡ.

ಇನ್ನು ಗಾಳಿ. ತಾಪಮಾನ 5–6 ಡಿಗ್ರಿ ಇಳಿದಾಗಲೆಲ್ಲ ಟೈರಿನ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. ಬೆಳಗ್ಗೆ, ಕಾರು ಓಡಿಸುವ ಮುಂಚೆ ಅಳೆಯಿರಿ. ತುಂಬಿಸಬೇಕಾದ್ದು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ.